ಹಳೆಯ ತೋಟದ ಮುದಿಮರ: ಕೊಡಲಿ ಎತ್ತುವ ಮುಂಚೆ ಬುಡ ನೋಡಿ

ಬೀದರ್ ಕೋಟೆಯೊಳಗಿನ ಲಾಲ್ ಬಾಗ್, ಊರಾಚೆ ಬರೀದ್ ಶಾಹಿ ಅರಸ ಅಲಿ ಬರೀದನ ಗೋರಿಯ ಸುತ್ತಲಿನ ಉದ್ಯಾನ, ಕಲಬುರಗಿಯ ಸಾರ್ವಜನಿಕ ಉದ್ಯಾನ, ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳ ದರ್ಗಾ, ಮಠ, ಗುಡಿಗಳ ಆವರಣ, ನಿಜಾಮರ ಕಾಲದ ಶಾಲೆ ಮತ್ತು ಕಚೇರಿಗಳ ಅಂಗಳ. ಇಲ್ಲೆಲ್ಲ ದೊಡ್ಡ ಮರಗಳು ಕೈತಪ್ಪಿ ಹೋಗುವ ಬಗೆ ಹೆಚ್ಚುಕಡಿಮೆ ಒಂದೇ. ಏಪ್ರಿಲ್ ಇಲ್ಲವೇ ಮೇ ತಿಂಗಳ ಸಂಜೆ ಗುಡುಗು ಗಾಳಿಗೆ ಒಂದು ಟೊಂಗೆ ಮುರಿದು ಬೀಳುತ್ತದೆ. ‘ಗಿಡಕ್ಕೆ ರೋಗ ಬಂದಿದೆ, ಕಡಿಸಿಬಿಡಿ’ ಎಂದು ಯಾರೋ ಅರ್ಜಿ ಬರೆಯುತ್ತಾರೆ. ಬುಡದ ಬಳಿ ಏನಾಗಿದೆ ಎಂದು ಒಬ್ಬರೂ ಬಗ್ಗಿ ನೋಡುವುದಿಲ್ಲ. ನಮ್ಮ ಭಾಗದ ಹಳೆಯ ಮರಗಳಲ್ಲಿ ಕಾಣುವ ‘ರೋಗ’ದ ಬಹುಪಾಲು ಬೇರಿಗೆ ಆದ ಗಾಯದಿಂದ, ನೀರಿನ ದಾರಿ ತಪ್ಪಿದ್ದರಿಂದ ಹುಟ್ಟಿದ್ದು. ಶಿಲೀಂಧ್ರ, ಹುಳು, ಗೆದ್ದಲು ಬರುವುದು ಆಮೇಲೆ. ಈ ಲೇಖನ ತೋಟದ ಮಾಲಿಗಳಿಗೆ, ಆಡಳಿತ ಸಮಿತಿಯವರಿಗೆ, ಊರ ಮರಗಳ ಬಗ್ಗೆ ಕಳಕಳಿ ಇರುವ ಯಾರಿಗಾದರೂ ಉಪಯೋಗವಾಗಲಿ ಎಂದು ಬರೆದದ್ದು.

ಮೊದಲು ಒಂದು ನಕ್ಷೆ, ಒಂದು ದಾಖಲೆ ಪುಸ್ತಕ

ತೋಟದ ಕೈನಕ್ಷೆ ಬರೆದು ಪ್ರತಿ ದೊಡ್ಡ ಮರಕ್ಕೂ ಒಂದು ಸಂಖ್ಯೆ ಕೊಡಿ. ಸಂಖ್ಯೆ ನಕ್ಷೆಯಲ್ಲಿದ್ದರೆ ಸಾಕು, ಕಾಂಡಕ್ಕೆ ಮೊಳೆ ಹೊಡೆಯುವುದು ಬೇಡ. ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ಹಿಡಿಯಿರಿ. ಜಾತಿ, ನೆರಳಿನ ಹರವು, ಪೊಟರೆ, ಗೂಡು, ಹತ್ತಿರದ ಗೋಡೆ, ಕಾಲುದಾರಿ, ವಿದ್ಯುತ್ ತಂತಿ ಎಲ್ಲವನ್ನೂ ಬರೆದಿಡಿ. ನಾಲ್ಕು ದಿಕ್ಕಿನಿಂದಲೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದ ಚಿತ್ರ ಎಷ್ಟೋ ವಾದಗಳನ್ನು ಬಗೆಹರಿಸುತ್ತದೆ.

ಜನ ಹರಕೆ ಕಟ್ಟುವ ಮರ ಯಾವುದು, ಹುಣಸೆ ಫಸಲನ್ನು ಹರಾಜು ಹಾಕುವ ರೂಢಿ ಇದೆಯೇ ಎಂಬುದೂ ದಾಖಲೆಯಲ್ಲಿರಲಿ. ಹರಾಜು ಹಿಡಿದವರು ಫಸಲಿನ ಆತುರದಲ್ಲಿ ಟೊಂಗೆಗಳನ್ನೇ ಕಡಿದು ಕೆಳಗೆ ಹಾಕುವುದುಂಟು. ‘ಟೊಂಗೆ ಕಡಿಯುವಂತಿಲ್ಲ’ ಎಂಬ ಒಂದು ಸಾಲನ್ನು ಹರಾಜಿನ ಷರತ್ತಿನಲ್ಲಿ ಸೇರಿಸಿದರೆ ಎಷ್ಟೋ ಹುಣಸೆಗಳು ಉಳಿಯುತ್ತವೆ.

ಯಾವ ಮರಕ್ಕೆ ಮೊದಲ ಆದ್ಯತೆ? ಅಲಿ ಬರೀದನ ಗೋರಿ 16ನೇ ಶತಮಾನದ್ದು. ಅದರ ಸುತ್ತ ಕಲ್ಪಿಸಿದ್ದು ನಾಲ್ಕು ಭಾಗದ ಚಾರ್‌ಬಾಗ್. ಇಂದು ಇಂಥ ತೋಟಗಳಲ್ಲಿ ಧಾರಾಳವಾಗಿ ಕಾಣುವ ಗುಲ್‌ಮೊಹರ್ ಮಡಗಾಸ್ಕರ್‌ನದು, ಮಳೆಮರ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಎರಡೂ ಈ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಹಾಗೆಂದು ಅವನ್ನು ಒಮ್ಮೆಗೇ ಬೋಳಿಸಬೇಕಿಲ್ಲ, ನೆರಳು ನೆರಳೇ. ಆದರೆ ಕೈಯಲ್ಲಿರುವ ಹಣ ಮತ್ತು ಆಳು ಸೀಮಿತವಾಗಿದ್ದರೆ ಮೊದಲು ಹುಣಸೆ, ಬೇವು, ಆಲ, ಅರಳಿ, ಹಳೆಯ ಮಾವುಗಳನ್ನು ನೋಡಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಗುಲ್‌ಮೊಹರ್‌ನ ಕಟ್ಟಿಗೆ ಮೆದು, ಬೇರು ಮೇಲುಮೇಲಿನದು, ಆಯುಷ್ಯವೂ ಕಡಿಮೆ. ಅದು ತಾನಾಗಿ ಮುಗಿದಾಗ ಆ ಜಾಗಕ್ಕೆ ಏನು ನೆಡಬೇಕು ಎಂದು ಈಗಲೇ ಯೋಚಿಸಿಟ್ಟರೆ ಸಾಕು.

ಮೂರು ಕಾಲದಲ್ಲಿ ಮೂರು ಸಲ ನೋಡಿ

ಒಂದೇ ಭೇಟಿಯಲ್ಲಿ ತೀರ್ಮಾನ ಮಾಡಬೇಡಿ. ಮಾರ್ಚ್‌ನಿಂದ ಮೇ ನಡುವೆ ಒಮ್ಮೆ ನೋಡಿದರೆ ಯಾವ ಟೊಂಗೆ ಚಿಗುರಿದೆ, ಯಾವುದು ನಿಜಕ್ಕೂ ಸತ್ತಿದೆ ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ಜುಲೈನಿಂದ ಸೆಪ್ಟೆಂಬರ್ ನಡುವೆ ಬುಡದಲ್ಲಿ ಅಣಬೆ ಏಳುತ್ತದೆ. ಒಳಗಿನ ಕೊಳೆತ ಹೊರಗೆ ಮುಖ ತೋರಿಸುವುದು ಹೆಚ್ಚಾಗಿ ಆ ದಿನಗಳಲ್ಲಿ. ನವೆಂಬರ್‌ನಿಂದ ಜನವರಿ ನಡುವಿನ ಮೂರನೆಯ ಭೇಟಿ ಬೇವಿಗಾಗಿ. ಅದರ ವಿಷಯ ಮುಂದೆ ಹೇಳುತ್ತೇನೆ.

ಬುಡ

ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಆರೋಗ್ಯವಾಗಿ ಬೆಳೆದ ಮರದ ಕಾಂಡ ನೆಲ ಮುಟ್ಟುವಲ್ಲಿ ಅಗಲವಾಗುತ್ತದೆ, ದಪ್ಪ ಬೇರುಗಳು ನಾಲ್ಕೂ ಕಡೆ ಹೊರಡುವುದು ಕಣ್ಣಿಗೆ ಕಾಣುತ್ತದೆ. ಕಾಂಡ ನೆಟ್ಟ ಕಂಬದಂತೆ ನೇರವಾಗಿ ಮಣ್ಣಿನೊಳಗೆ ಇಳಿದಿದ್ದರೆ ಅಲ್ಲಿ ಯಾರೋ ಮಣ್ಣು ತುಂಬಿದ್ದಾರೆ ಎಂದು ತಿಳಿಯಿರಿ. ತುಂಬಿದ ಮಣ್ಣಿನಲ್ಲಿ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ, ಕೆಳಗಿನ ಬೇರಿಗೆ ಗಾಳಿ ಆಡುವುದಿಲ್ಲ.

ಬೇರು ಎಷ್ಟು ದೂರ ಹರಡಿದೆ ಎಂದು ಅಂದಾಜಿಸಲು ಸರಳ ಲೆಕ್ಕವಿದೆ. ಎದೆಮಟ್ಟದಲ್ಲಿ ಕಾಂಡದ ದಪ್ಪ ಎಷ್ಟೋ ಅದರ ಹನ್ನೆರಡು ಪಟ್ಟು ದೂರದವರೆಗಿನ ಸುತ್ತು ಜಾಗವನ್ನು ಮರದ ಸ್ವಂತ ನೆಲವೆಂದು ಎಣಿಸಿ. ಎರಡು ಅಡಿ ದಪ್ಪದ ಬೇವಿಗೆ ಇಪ್ಪತ್ತನಾಲ್ಕು ಅಡಿ. ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಆ ಸುತ್ತಿನೊಳಗೆ ಪೈಪಿಗೆ ಕಾಲುವೆ ತೋಡಿದ್ದು, ಸಿಮೆಂಟ್ ಇಟ್ಟಿಗೆ ಹಾಸಿದ್ದು, ವಾಹನ ನಿಲ್ಲಿಸಿದ್ದು ಎಲ್ಲವನ್ನೂ ದಾಖಲಿಸಿ. ಕಾಲುವೆ ತೋಡಿದ ಎರಡು ಮೂರು ವರ್ಷಗಳ ಮೇಲೆ ಮರದ ತಲೆ ಒಣಗತೊಡಗುತ್ತದೆ. ಅಷ್ಟರಲ್ಲಿ ಕಾಲುವೆಯ ನೆನಪು ಯಾರಿಗೂ ಇರುವುದಿಲ್ಲ, ಬೈಗುಳವೆಲ್ಲ ಗೆದ್ದಲಿಗೆ. ಗೆದ್ದಲು ತಿನ್ನುವುದು ಬಹುಮಟ್ಟಿಗೆ ಸತ್ತ ತೊಗಟೆಯನ್ನು, ಸತ್ತ ಕಟ್ಟಿಗೆಯನ್ನು.

ಬೆರಳಿನಷ್ಟು ದಪ್ಪದ ಕಬ್ಬಿಣದ ಸರಳನ್ನು ನೆಲಕ್ಕೆ ಒತ್ತಿ ನೋಡಿ. ಮಳೆ ಬಿದ್ದ ಮೂರನೆಯ ದಿನವೂ ಅದು ಗೇಣುದ್ದ ಇಳಿಯದಿದ್ದರೆ ಮಣ್ಣು ತುಳಿದು ತುಳಿದು ಗಟ್ಟಿಯಾಗಿದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲಕ್ಕೂ ಕಲಬುರಗಿ, ಯಾದಗಿರಿಯ ಎರೆಮಣ್ಣಿಗೂ ಇಲ್ಲಿ ವ್ಯತ್ಯಾಸವಿದೆ. ಜಂಬಿಟ್ಟಿಗೆಯ ಮೇಲಿನ ಮಣ್ಣು ತೆಳು, ನೀರು ಬೇಗ ಬಸಿದು ಹೋಗುತ್ತದೆ, ಬೇರು ಕಲ್ಲಿನ ಸಂದು ಹುಡುಕಿಕೊಂಡು ಹೋಗಿರುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದು ಸಣ್ಣ ಬೇರುಗಳನ್ನು ಹರಿಯುತ್ತದೆ, ಮಳೆಗಾಲದಲ್ಲಿ ಊದಿಕೊಂಡು ನೀರು ನಿಲ್ಲಿಸುತ್ತದೆ. ಆದ್ದರಿಂದ ಎರೆನೆಲದ ಮರಕ್ಕೆ ಬೇಸಿಗೆಯಲ್ಲಿ ಹೊದಿಕೆ ಬೇಕು, ಮಳೆಗಾಲದಲ್ಲಿ ನೀರು ಹರಿದು ಹೋಗಲು ದಾರಿ ಬೇಕು.

ಇನ್ನು ಕಟ್ಟೆಯ ವಿಷಯ. ಅರಳಿ, ಬೇವಿಗೆ ಕಟ್ಟೆ ಕಟ್ಟುವುದು ನಮ್ಮ ಸಂಪ್ರದಾಯ. ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಹಳೆಯ ಕಟ್ಟೆಗಳಲ್ಲಿ ನೀರೂ ಗಾಳಿಯೂ ಓಡಾಡುತ್ತಿದ್ದವು. ಈಗಿನ ಸಿಮೆಂಟು, ಟೈಲ್ಸ್ ಕಟ್ಟೆ ಮರದ ಕೊರಳಿಗೆ ಬಿಗಿದ ಪಟ್ಟಿ. ಆದರೂ ಅದನ್ನು ಒಂದೇ ಸಲ ಒಡೆಯಬೇಡಿ. ಹತ್ತಾರು ವರ್ಷ ಮಣ್ಣಿನಲ್ಲಿ ಹೂತಿದ್ದ ಕಾಂಡದಿಂದ ಹೊಸ ಬೇರುಗಳು ಹೊರಟು ಕಟ್ಟೆಯ ಮಣ್ಣಿನಲ್ಲೇ ಬದುಕುತ್ತಿರಬಹುದು. ಮೊದಲ ವರ್ಷ ಕಾಂಡದ ಸುತ್ತ ಒಂದೂವರೆ ಅಡಿ ಅಗಲ ಟೈಲ್ಸ್ ಬಿಡಿಸಿ, ಕೈಸಲಿಕೆಯಿಂದ ಮಣ್ಣು ಸಡಿಲಿಸಿ, ಕಟ್ಟೆಯ ಬದಿಗಳಲ್ಲಿ ನೀರು ಬಸಿಯಲು ರಂಧ್ರ ಬಿಡಿ. ಉಳಿದದ್ದು ಮುಂದಿನ ಮಳೆಗಾಲದ ನಂತರ. ಪೂಜೆ ನಡೆಯುವ ಮರವಾದರೆ ಪೂಜಾರಿಯವರನ್ನೂ ಹಿರಿಯರನ್ನೂ ಕೇಳಿಯೇ ಕೈಹಚ್ಚಿ. ಮರ ಉಳಿಸಲು ಎಂದು ತಿಳಿಸಿ ಹೇಳಿದರೆ ಬೇಡ ಎನ್ನುವವರು ಕಡಿಮೆ.

ಕಾಂಡ: ಬಡಿದು ಕೇಳಿ

ಕಟ್ಟಿಗೆಯ ಸುತ್ತಿಗೆಯಿಂದ ಕಾಂಡದ ಸುತ್ತ, ಬುಡದಿಂದ ಆಳೆತ್ತರದವರೆಗೆ, ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಕಟ್ಟಿಗೆ ‘ಟಕ್’ ಎನ್ನುತ್ತದೆ, ಪೊಳ್ಳು ‘ಡಬ್’ ಎನ್ನುತ್ತದೆ. ಸದ್ದು ಬದಲಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಪೊಳ್ಳು ಎಷ್ಟು ಅಗಲ, ಎಷ್ಟು ಎತ್ತರ ಎಂಬುದು ಆ ಗುರುತುಗಳಿಂದಲೇ ತಿಳಿಯುತ್ತದೆ.

ಪೊಳ್ಳಾದ ಮರವೆಲ್ಲ ಬೀಳುವ ಮರವಲ್ಲ. ಮರ ಬದುಕುವುದು ತೊಗಟೆಗೆ ಅಂಟಿದ ಹೊರಪದರದಿಂದ. ನಡುವಿನ ಕಟ್ಟಿಗೆ ಕೊಳೆತು ಹೋದರೂ ಹುಣಸೆ, ಆಲ ತಲೆಮಾರುಗಟ್ಟಲೆ ನಿಲ್ಲುತ್ತವೆ. ಪೊಟರೆಯ ಬಾಯಿಂದ ಕಡ್ಡಿ ತೂರಿಸಿ ಸುತ್ತಲಿನ ಗಟ್ಟಿ ಗೋಡೆಯ ದಪ್ಪ ಅಂದಾಜಿಸಿ. ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದಕ್ಕಿಂತ ಕಡಿಮೆಯಿದ್ದರೆ ಎಚ್ಚರ ಬೇಕು. ಪೊಟರೆಯ ಬಾಯಿ ಬಹಳ ಅಗಲವಾಗಿದ್ದರೆ ಇನ್ನೂ ಹೆಚ್ಚು ಎಚ್ಚರ.

ಪೊಟರೆಗೆ ಸಿಮೆಂಟ್ ತುಂಬುವ ಅಭ್ಯಾಸ ಇನ್ನೂ ಹೋಗಿಲ್ಲ. ದಯವಿಟ್ಟು ಬೇಡ. ಗಾಳಿಗೆ ಮರ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ಎರಡರ ನಡುವಿನ ಸಂದಿಯಲ್ಲಿ ನೀರು ಕೂತು ಕೊಳೆತ ಹೆಚ್ಚುತ್ತದೆ. ಪೊಟರೆಯನ್ನು ಕೆರೆದು ‘ಸ್ವಚ್ಛ’ ಮಾಡುವುದೂ ಬೇಡ. ಕೊಳೆತಕ್ಕೂ ಗಟ್ಟಿ ಕಟ್ಟಿಗೆಗೂ ನಡುವೆ ಮರ ತಾನೇ ಒಂದು ತಡೆಗೋಡೆ ಕಟ್ಟಿಕೊಂಡಿರುತ್ತದೆ, ಕೆರೆದರೆ ಅದು ಒಡೆಯುತ್ತದೆ. ಪೊಟರೆಯೊಳಗೆ ಒಣ ಎಲೆ, ಕಾಗದ ತುಂಬದಂತೆ ಮಾತ್ರ ನೋಡಿಕೊಳ್ಳಿ, ಎಸೆದ ಒಂದು ಬೀಡಿ ತುಂಡು ಪೊಳ್ಳು ಹುಣಸೆಯನ್ನು ಒಳಗಿನಿಂದ ಸುಟ್ಟುಬಿಡಬಲ್ಲದು.

ಮಳೆಗಾಲದಲ್ಲಿ ಬುಡದ ತೊಗಟೆಯಿಂದ ಬೀಸಣಿಗೆಯ ಆಕಾರದ ಗಟ್ಟಿ ಅಣಬೆ ಹೊರಟಿದೆಯೇ ನೋಡಿ. ಮೇಲೆ ಮೆರುಗು ಬಳಿದಂಥ ಕಂದುಗೆಂಪು, ಅಂಚಿನಲ್ಲಿ ಬಿಳುಪು ಇದ್ದರೆ ಅದು ಗ್ಯಾನೊಡರ್ಮಾ ಎಂಬ ಶಿಲೀಂಧ್ರ. ತೆಂಗಿನ ಬೆಳೆಗಾರರು ಅಣಬೆ ರೋಗವೆಂದು ಕರೆಯುವುದು ಇದರದೇ ಕೆಲಸವನ್ನು. ಗುಲ್‌ಮೊಹರ್, ಮಳೆಮರಗಳನ್ನೂ ಇದು ಬುಡದಲ್ಲಿ ಹಿಡಿಯುತ್ತದೆ. ಅಣಬೆಯನ್ನು ಕಿತ್ತು ಎಸೆದರೆ ರೋಗ ಹೋಗುವುದಿಲ್ಲ, ಬೇರು ಆಗಲೇ ಕೊಳೆತಿರುತ್ತದೆ, ಎಲೆ ಹಸಿರಾಗಿದ್ದರೂ ಮರ ಉರುಳಬಹುದು. ಇಂಥ ಮರದ ಕೆಳಗಿನ ಬೆಂಚನ್ನು ಅಂದೇ ಬೇರೆಡೆಗೆ ಸರಿಸಿ. ಬೇವಿನ ಹಿಂಡಿ ಮತ್ತು ತಿಪ್ಪೆಗೊಬ್ಬರದ ಜೊತೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಕಲಸಿ ಸುತ್ತಲಿನ ಮಣ್ಣಿಗೆ ಹಾಕುವುದರಿಂದ ಪಕ್ಕದ ಮರಗಳಿಗೆ ಅನುಕೂಲವಾಗಬಹುದು, ಕೊಳೆತ ಬೇರು ಮಾತ್ರ ಮರಳಿ ಬರುವುದಿಲ್ಲ. ರೋಗ ಬೇರಿನಿಂದ ಬೇರಿಗೆ ದಾಟದಂತೆ ತಗ್ಗು ತೋಡುವ ಪದ್ಧತಿ ತೆಂಗಿನ ತೋಟದಲ್ಲಿದೆ. ಐತಿಹಾಸಿಕ ತೋಟದಲ್ಲಿ ಹಾಗೆ ಗುದ್ದಲಿ ಹಾಕುವಂತಿಲ್ಲ, ನೆಲದೊಳಗೆ ಹಳೆಯ ನೀರಿನ ಕಾಲುವೆ, ಮಣ್ಣಿನ ಕೊಳವೆ, ತಳಪಾಯ ಇರಬಹುದು. ನೌಬಾದಿನ ಕರೇಜ್‌ನಂಥ ನೆಲದಡಿಯ ನೀರಿನ ಸುರಂಗಗಳಿರುವ ಊರು ಬೀದರ್. ಇಲ್ಲಿ ಅಗೆಯುವ ಮಾತಿಗೆ ಮೊದಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಮಾವಿನ ಕಾಂಡದಿಂದ ಕಟ್ಟಿಗೆಯ ಹಿಟ್ಟು ಉದುರಿದ್ದರೆ ಕಾಂಡ ಕೊರೆಯುವ ಹುಳು ಇದೆ. ರಂಧ್ರದೊಳಗೆ ತಂತಿ ತೂರಿಸಿ ಹುಳುವನ್ನು ಕೊಂದು ಹಸಿಮಣ್ಣಿನಿಂದ ಬಾಯಿ ಮುಚ್ಚಿ. ತೊಗಟೆಯ ಮೇಲೆ ಜೇಡರ ಬಲೆಯಂತೆ ಹಿಕ್ಕೆಯ ಪಟ್ಟಿ ಕಂಡರೆ ಅದು ತೊಗಟೆ ತಿನ್ನುವ ಹುಳು, ಪಟ್ಟಿಯನ್ನು ಒರೆಸಿ ತೆಗೆದು ಅದೇ ತಂತಿ ಬಳಸಿ.

ಬೇವು ಸುಟ್ಟಂತೆ ಕಂಡಾಗ

2021ರ ಕೊನೆಯ ತಿಂಗಳುಗಳಲ್ಲಿ ಪಕ್ಕದ ತೆಲಂಗಾಣದ ಉದ್ದಕ್ಕೂ ಬೇವಿನ ಮರಗಳು ಒಣಗುತ್ತಿವೆ ಎಂಬ ಸುದ್ದಿ ಜನರನ್ನು ದಿಗಿಲುಗೊಳಿಸಿತ್ತು. ಆ ಬಗೆಯ ಒಣಗು ನಮ್ಮ ಭಾಗಕ್ಕೂ ಹೊಸದಲ್ಲ. ಮಳೆ ಹಿಂದೆ ಸರಿಯುವ ಹೊತ್ತಿಗೆ ಕಡ್ಡಿಗಳ ತುದಿ ಕಂದಾಗುತ್ತದೆ, ಎಲೆ ಉದುರದೆ ಅಲ್ಲೇ ಮುದುರಿ ನೇತಾಡುತ್ತದೆ, ಮರದ ತಲೆಗೆ ಯಾರೋ ಬೆಂಕಿ ತಾಗಿಸಿದಂತಿರುತ್ತದೆ. ಫೊಮೊಪ್ಸಿಸ್ ಎಂಬ ಶಿಲೀಂಧ್ರ ಇದರ ಮುಖ್ಯ ಕಾರಣ. ಗೋಡಂಬಿ ಬೆಳೆಗಾರರು ಟೀ ಸೊಳ್ಳೆ ಎನ್ನುವ ರಸ ಹೀರುವ ಕೀಟ ಚುಚ್ಚಿದ ಚಿಗುರಿನಲ್ಲಿ ಅದು ಸುಲಭವಾಗಿ ನೆಲೆಯೂರುತ್ತದೆ.

ಒಣಗಿದ ತುದಿಯಿಂದ ಕೆಳಗೆ ಇಳಿಯುತ್ತ ಒಂದೊಂದು ಅಡಿಗೂ ತೊಗಟೆಯನ್ನು ಉಗುರಿನಿಂದ ಗೀರಿ. ಎಲ್ಲಿ ಕಂದು ನಿಂತು ಹಸಿರು ಕಾಣುತ್ತದೋ ಅಲ್ಲಿಂದ ಕೆಳಗೆ ಟೊಂಗೆ ಜೀವಂತವಾಗಿದೆ. ಬಹುತೇಕ ದೊಡ್ಡ ಬೇವುಗಳಲ್ಲಿ ಆ ಹಸಿರು ತುದಿಯಿಂದ ಎರಡು ಮೂರು ಅಡಿಯೊಳಗೇ ಸಿಗುತ್ತದೆ, ಬೇಸಿಗೆಯ ಚಿಗುರು ಅಲ್ಲಿಂದಲೇ ಹೊರಡುತ್ತದೆ. ಆದ್ದರಿಂದ ಡಿಸೆಂಬರ್‌ನಲ್ಲಿ ‘ಸತ್ತ’ ಬೇವನ್ನು ಏಪ್ರಿಲ್ ಮುಗಿಯುವವರೆಗೆ ಕಡಿಯಬೇಡಿ. ಎಟುಕುವ ಒಣ ಕಡ್ಡಿಗಳನ್ನು ಹಸಿರಿನ ಗಡಿಗಿಂತ ಅರ್ಧ ಅಡಿ ಕೆಳಗೆ ಕತ್ತರಿಸಿ, ಉದುರಿದ ಕಡ್ಡಿಗಳನ್ನೂ ಆಯ್ದು ತೋಟದಿಂದ ಹೊರಗೆ ಸಾಗಿಸಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಗರಗಸವನ್ನು ಸ್ಪಿರಿಟ್‌ನಿಂದ ಒರೆಸಿ. ಐವತ್ತು ಅಡಿ ಎತ್ತರದ ಮರಗಳಿಗೆ ಶಿಲೀಂಧ್ರನಾಶಕ ಸಿಂಪಡಿಸುವುದನ್ನು ನಾನು ಒಪ್ಪುವುದಿಲ್ಲ. ಔಷಧಿ ಎಲ್ಲ ಟೊಂಗೆಗೂ ತಲುಪುವುದಿಲ್ಲ, ಕೆಳಗೆ ಮಕ್ಕಳು ಆಡುತ್ತಾರೆ, ಜೇನು ಕೂತಿರುತ್ತದೆ. ಎಳೆಯ ಸಸಿಗಳಿಗೆ ಬೇಕೆನಿಸಿದರೆ ಒಣಗಿದ ಕಡ್ಡಿಯ ಮಾದರಿ ಹಿಡಿದು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೀದರ್‌ನ ತೋಟಗಾರಿಕೆ ಮಹಾವಿದ್ಯಾಲಯಕ್ಕೋ ಹೋಗಿ, ಅವರು ಹೇಳಿದ ಪ್ರಮಾಣದಲ್ಲಿ ಬಳಸಿ.

ಟೊಂಗೆ ಕತ್ತರಿಸುವ ಕ್ರಮ

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಯಲ್ಲಿ ಗಾಯಕ್ಕೆ ಶಿಲೀಂಧ್ರ ಹತ್ತುತ್ತದೆ, ಮೇ ತಿಂಗಳಲ್ಲಿ ನೆರಳು ತಪ್ಪಿದ ತೊಗಟೆ ಬಿಸಿಲಿಗೆ ಬಿರಿಯುತ್ತದೆ. ಮುರಿದು ನೇತಾಡುವ ಟೊಂಗೆಗೆ ಮಾತ್ರ ಕಾಲ ನೋಡುವಂತಿಲ್ಲ.

ಟೊಂಗೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಒಂದು ಉಂಗುರವಿರುತ್ತದೆ, ಮೇಲೆ ಸುಕ್ಕುಗಟ್ಟಿದ ತೊಗಟೆಯ ಗೆರೆ ಇರುತ್ತದೆ. ಗಾಯವನ್ನು ಮುಚ್ಚುವ ಶಕ್ತಿ ಇರುವುದು ಆ ಉಂಗುರದಲ್ಲಿ, ಅದಕ್ಕೆ ಗರಗಸ ತಾಗಬಾರದು. ಮೊದಲ ಕೊಯ್ತ ಕಾಂಡದಿಂದ ಒಂದೂವರೆ ಅಡಿ ಆಚೆ, ಟೊಂಗೆಯ ಕೆಳಗಿನಿಂದ, ಕಾಲು ಭಾಗ ದಪ್ಪದಷ್ಟು. ಎರಡನೆಯದು ಅದಕ್ಕಿಂತ ಎರಡು ಇಂಚು ಹೊರಗೆ, ಮೇಲಿನಿಂದ, ಟೊಂಗೆ ಕೆಳಗೆ ಬೀಳುವವರೆಗೆ. ಕೆಳಗಿನ ಕೊಯ್ತ ಇದ್ದುದರಿಂದ ಟೊಂಗೆ ಬೀಳುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡು ಹೋಗುವುದಿಲ್ಲ. ಉಳಿದ ಮೋಟನ್ನು ಉಂಗುರದ ಹೊರ ಅಂಚಿಗೆ ಸರಿಯಾಗಿ, ಒಂದು ಕೈ ಆಸರೆ ಕೊಟ್ಟು, ಮೂರನೆಯ ಕೊಯ್ತದಿಂದ ತೆಗೆಯಿರಿ. ಸರಿಯಾಗಿ ಕೊಯ್ದ ಗಾಯದ ಸುತ್ತ ಒಂದೆರಡು ವರ್ಷದಲ್ಲಿ ದುಂಡನೆಯ ಅಂಚು ಬೆಳೆದು ಒಳಮುಖವಾಗಿ ಸರಿಯುತ್ತ ಬರುತ್ತದೆ. ಡಾಂಬರು, ಎಣ್ಣೆಬಣ್ಣ ಬಳಿಯಬೇಡಿ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ತೆಳ್ಳಗೆ ಹಚ್ಚುವ ರೂಢಿ ಮಾವಿಗಿದೆ, ಹಚ್ಚಬಹುದು, ತಪ್ಪು ಕೊಯ್ತವನ್ನು ಅದು ಸರಿಪಡಿಸುವುದಿಲ್ಲ.

ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಮುದಿಮರವಾದರೆ ಇನ್ನೂ ಕಡಿಮೆ. ತಲೆ ಬೋಳಿಸಿದ ಮರದಲ್ಲಿ ನೂರಾರು ಚಿಗುರು ಒಮ್ಮೆಗೇ ಏಳುವುದನ್ನು ಕಂಡು ಚೇತರಿಸಿಕೊಂಡಿತು ಎಂದು ಸಂತೋಷಪಡುವವರಿದ್ದಾರೆ. ಅದು ಹಸಿದ ಮರದ ಪರದಾಟ. ಆ ಚಿಗುರುಗಳು ತೊಗಟೆಯ ಹೊರಪದರಕ್ಕಷ್ಟೇ ಅಂಟಿರುತ್ತವೆ, ದಪ್ಪವಾದ ಮೇಲೆ ಗಾಳಿಗೆ ಕಿತ್ತು ಬೀಳುವುದು ಅವೇ.

ಮಾವಿನ ಮೇಲೆ ಬಂದಳಿಕೆ ಹಬ್ಬಿದ್ದರೆ ಅದು ಅಂಟಿದ ಜಾಗಕ್ಕಿಂತ ಒಂದಡಿ ಕಾಂಡದ ಕಡೆಗೆ ಟೊಂಗೆಯನ್ನೇ ಕತ್ತರಿಸಿ. ಹಣ್ಣಾಗುವ ಮುಂಚೆ ತೆಗೆಯುವುದು ಮುಖ್ಯ, ಹಣ್ಣಾದರೆ ಹಕ್ಕಿಗಳು ಬೀಜವನ್ನು ಮುಂದಿನ ಮರಕ್ಕೆ ಒರೆಸುತ್ತವೆ.

ಏರುವವರಿಗೆ ಹೆಲ್ಮೆಟ್, ಸೊಂಟಪಟ್ಟಿ, ಹಗ್ಗ ಇರಲೇಬೇಕು. ವಿದ್ಯುತ್ ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ ತಿಳಿಸಿ ಲೈನ್ ಬಂದ್ ಮಾಡಿಸಿದ ಮೇಲೆಯೇ ಕೆಲಸ. ಪೊಟರೆಯಲ್ಲಿ ಗಿಳಿ, ಹಾಲಕ್ಕಿ, ಕುಟ್ರುಹಕ್ಕಿ ಮರಿ ಮಾಡಿದ್ದರೆ ಮರಿ ಹಾರುವವರೆಗೆ ಕಾಯಿರಿ.

ಗುಮ್ಮಟ, ಗೋಡೆಯ ಮೇಲಿನ ಅರಳಿ

ಇದು ತೋಟದ ಮರವಲ್ಲ, ಕಟ್ಟಡದ ಸಮಸ್ಯೆ. ಎಂದಿಗೂ ಎಳೆದು ಕೀಳಬೇಡಿ, ಬೇರಿನ ಜೊತೆ ಗಾರೆಯೂ ಕಲ್ಲೂ ಕಿತ್ತು ಬರುತ್ತವೆ. ಚಿತ್ರ ತೆಗೆದು ಸ್ಮಾರಕದ ಅಧಿಕಾರಿಗಳಿಗೆ ಕೊಡಿ.

ಆರೈಕೆ: ನೀರು, ಎಲೆಕಸ

ಎಲೆ ಗುಡಿಸಿ ಬೆಂಕಿ ಹಚ್ಚುವುದನ್ನು ಇಂದೇ ನಿಲ್ಲಿಸಿ. ಆ ಎಲೆಯನ್ನೇ ಮೂರು ನಾಲ್ಕು ಇಂಚು ದಪ್ಪ ಮರದ ಸುತ್ತ ಹರಡಿ, ಕಾಂಡದಿಂದ ಒಂದು ಗೇಣು ಬಿಟ್ಟು. ರೋಗ ಬಿದ್ದ ಬೇವಿನ ಎಲೆಕಡ್ಡಿ ಇದಕ್ಕೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ನೀರು ಕೊಡಿ. ಕಾಂಡದ ಬುಡಕ್ಕೆ ಸುರಿಯದೆ ನೆರಳಿನ ಅಂಚಿನ ಕೆಳಗೆ, ನಿಧಾನವಾಗಿ, ಮಣ್ಣು ಒಂದೂವರೆ ಅಡಿ ನೆನೆಯುವಷ್ಟು ಬಿಡಿ. ನೆನೆದಿದೆಯೇ ಎಂದು ಸರಳು ಹೇಳುತ್ತದೆ. ಸ್ಮಾರಕದ ತಳಪಾಯಕ್ಕೆ ನೀರು ಹರಿಯದಂತೆ ಇಳಿಜಾರು ನೋಡಿಕೊಳ್ಳಿ.

ಕೊನೆಗೆ, ಕಡಿಯಬೇಕೇ?

ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಭಾಗ ಮುರಿಯಬಹುದು? ಮುರಿದರೆ ಯಾರ ಮೇಲೆ, ಯಾವುದರ ಮೇಲೆ ಬೀಳುತ್ತದೆ? ಅವರನ್ನು ಅಥವಾ ಅದನ್ನು ಅಲ್ಲಿಂದ ಸರಿಸಲು ಸಾಧ್ಯವೇ? ಬೆಂಚು, ಕಾಲುದಾರಿ, ಚಹಾ ಗಾಡಿ ಸರಿಯುತ್ತವೆ, ಮರ ಸರಿಯುವುದಿಲ್ಲ. ಜಾಗವಿದ್ದರೆ ಮರದ ಎತ್ತರದ ಒಂದೂವರೆ ಪಟ್ಟು ದೂರಕ್ಕೆ ಬೇಲಿ ಹಾಕಿ. ಬಾಗಿದ ಆಲದ ಟೊಂಗೆಗೆ ಕವೆಗಂಬದ ಆಸರೆ ಕೊಡಬಹುದು, ಕಂಬದ ತಲೆಗೆ ರಬ್ಬರ್ ಹಾಸಿ. ಭಾರ ತಗ್ಗಿಸಲು ಟೊಂಗೆಯ ತುದಿಗಳನ್ನು ಮೊಟಕು ಮಾಡಬಹುದು. ಪೂರ್ತಿ ಸತ್ತ ಮರವನ್ನೂ ಹತ್ತು ಹನ್ನೆರಡು ಅಡಿಯ ಬೊಡ್ಡೆಯಾಗಿ ಉಳಿಸಿದರೆ ಮರಕುಟಿಗ, ಹಾಲಕ್ಕಿಗಳಿಗೆ ಮನೆಯಾಗುತ್ತದೆ. ಇವೆಲ್ಲ ಸಾಧ್ಯವಿಲ್ಲದಾಗ, ಜನರ ಜೀವಕ್ಕೆ ಅಥವಾ ಸ್ಮಾರಕಕ್ಕೆ ಅಪಾಯ ನಿಶ್ಚಿತವಾಗಿದ್ದಾಗ, ಕಡಿಯಲೇಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ ಹಿಂಜರಿಯುವುದೂ ತಪ್ಪು.

ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಂರಕ್ಷಿತ ಸ್ಮಾರಕದ ಆವರಣವಾದರೆ ಪುರಾತತ್ವ ಇಲಾಖೆಯ ಒಪ್ಪಿಗೆಯೂ ಬೇಕು. ಪ್ರಾಚೀನ ಸ್ಮಾರಕಗಳ ಕುರಿತ ಕೇಂದ್ರದ 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಕಟ್ಟಡದ ಕೆಲಸಕ್ಕೆ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಕಟ್ಟೆ, ಬೇಲಿಯ ಗೋಡೆ, ಕೊಳವೆ ಕಾಲುವೆಯ ಕೆಲಸಕ್ಕೆ ಕೈಹಾಕುವ ಮೊದಲು ಇದನ್ನು ವಿಚಾರಿಸಿ. ಅರ್ಜಿಯ ಜೊತೆ ನಿಮ್ಮ ದಾಖಲೆ ಪುಸ್ತಕದ ಪುಟ, ಮೂರೂ ಕಾಲದ ಚಿತ್ರಗಳನ್ನು ಲಗತ್ತಿಸಿ.

ಖಾಲಿಯಾದ ಜಾಗ

ಬೊಡ್ಡೆಯನ್ನು ಯಂತ್ರದಿಂದ ಕೀಳಿಸಬೇಡಿ. ಗೋಡೆಯ ಹತ್ತಿರವಿದ್ದರೆ ನೆಲಮಟ್ಟಕ್ಕೆ ಕೊಯ್ದು ಬಿಡಿ. ಅಣಬೆ ರೋಗದ ಬೊಡ್ಡೆ ಬಯಲಲ್ಲಿದ್ದರೆ ಅನುಮತಿ ಪಡೆದು ಕೈಯಿಂದಲೇ ಬೇರುಸಹಿತ ತೆಗೆಸಿ, ಅದೇ ಗುಂಡಿಯಲ್ಲಿ ಅದೇ ಜಾತಿಯನ್ನು ನೆಡಬೇಡಿ, ಕೆಲವು ಮಾರು ದೂರ ಸರಿಸಿ. ಗೋರಿಯ ಕಮಾನಿನತ್ತ ಹೋಗುವ ನೋಟದ ನೇರಕ್ಕೆ ಅಡ್ಡವಾಗದಂತೆ ಜಾಗ ಆರಿಸಿ. ಹಳೆಯ ಮಾವು ಇನ್ನೂ ಜೀವದಿಂದಿರುವಾಗಲೇ ಅದರ ಕಡ್ಡಿಯಿಂದ ಕಸಿ ಕಟ್ಟಿಸಿಡಿ, ಆಲವಾದರೆ ತೋಳುದ್ದದ ಟೊಂಗೆ ನೆಟ್ಟರೂ ಬೇರು ಬಿಡುತ್ತದೆ, ಹುಣಸೆಗೆ ಅದರದೇ ಬೀಜ ಸಾಕು. ಜೂನ್‌ನಲ್ಲಿ ನೆಲ ಚೆನ್ನಾಗಿ ನೆನೆದ ಮೇಲೆ ನೆಟ್ಟು, ಆಡುಗಳು ಎಟುಕದಂತೆ ಮುಳ್ಳಿನ ಬೇಲಿ ಕಟ್ಟಿ, ಮುಂದಿನ ಎರಡು ಬೇಸಿಗೆ ವಾರಕ್ಕೆರಡು ಕೊಡ ನೀರು ಹಾಕುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಡಿ.